ಅತ್ತೆಯ ವಾಕರಿಕೆ

ಎರಡು ಸಲ ಕುದಿಸಿ ನೀರು ಬಸಿದ ಆಲೂಗಡ್ಡೆಗೆ ಒಗ್ಗರಣೆ ಹಾಕಿ, ಶಶಿರೇಖಾ ಆಸ್ಪತ್ರೆಯ ಪಟ್ಟಿಯನ್ನು ಎಡಗೈಗೆ ಕಟ್ಟಿಕೊಂಡಳು. ಒಡನೆಯೇ ಅತ್ತೆಯ ವಾಕರಿಕೆ ಅವಳ ಹೊಟ್ಟೆಗೆ ಬಂದು ಕೂತಿತು. ಕಿಡ್ನಿ ಸೋತವರು ನಾಲ್ಕು ತುತ್ತು ಉಣ್ಣಬೇಕಾದರೆ ಅವರ ಸಂಕಟವನ್ನು ಅಷ್ಟು ಹೊತ್ತು ಮನೆಯವರು ಯಾರಾದರೂ ಈ ಪಟ್ಟಿ ಕಟ್ಟಿಕೊಂಡು ಹೊರಬೇಕು. ಊರಲ್ಲೆಲ್ಲ ಈಗ ಹಾಗೆಯೇ. ಅವಳ ಗಂಡ ಒಂದೇ ಒಂದು ದಿನ ಕಟ್ಟಿಕೊಂಡು, ಊಟ ಮುಗಿಯುವವರೆಗೂ ಬಚ್ಚಲಲ್ಲಿ ಕೂತವನು, ಮತ್ತೆ ಅದರ ತಂಟೆಗೆ ಬಂದಿರಲಿಲ್ಲ.

"ಉಪ್ಪು ಮರೆತ್ಯೇನೇ?" ಎಂದರು ಅತ್ತೆ ಸಾವಂತ್ರಮ್ಮ.

"ನಿಮಗೆ ಉಪ್ಪು ಬಿಡಿಸಿ ನಾಲ್ಕು ವರ್ಷ ಆಯ್ತಲ್ಲತ್ತೆ."

"ಕೈ ತಪ್ಪಿ ಒಂದು ಚಿಟಿಕೆ ಬಿದ್ದೀತೇನೋ ಅಂತ ದಿನಾ ಕೇಳ್ತೀನಿ ಕಣೇ."

ಅತ್ತೆ ಉಂಡು ಕೈತೊಳೆದ ಮೇಲೆ ಶಶಿರೇಖಾ ಪಟ್ಟಿ ಬಿಚ್ಚಿದಳು. ಪಟ್ಟಿಯ ಜೊತೆಗೇ ಹೋಗಬೇಕಾದ ವಾಕರಿಕೆ ಹೋಗಲಿಲ್ಲ. ಮೂರು ದಿನದಿಂದ ಹೀಗೆ. ಬಾಯಲ್ಲಿ ಕಬ್ಬಿಣದ ರುಚಿಯೂ ಹಾಗೇ ಉಳಿದಿತ್ತು. ಬಗ್ಗಿ, ಊದಿದ ಪಾದದ ಮೇಲೆ ಬೆರಳೊತ್ತಿದಳು. ಅತ್ತೆಗೆ ಮೊದಮೊದಲು ಆದಂತೆಯೇ ಗುಳಿ ಬಿತ್ತು, ಬೇಗ ತುಂಬಲಿಲ್ಲ. ಈ ಸಂಕಟ ಅತ್ತೆಯದಲ್ಲ, ತನ್ನದೇ.

ಕಾಯಿಲೆಯವರ ಕೈಗೆ ಪಟ್ಟಿ ಕೊಡುವುದಿಲ್ಲ. ಶುಕ್ರವಾರ ಬರುವ ನರ್ಸ್ ಈ ಪಾದ ನೋಡಿದರೆ ಪಟ್ಟಿಯನ್ನು ತೆಗೆದುಕೊಂಡೇ ಹೋಗುತ್ತಾಳೆ. ಆಮೇಲೆ ಅತ್ತೆಗೆ ಒಂದು ತುತ್ತೂ ಇಳಿಯುವುದಿಲ್ಲ. ತನ್ನದನ್ನು ಹೊರುವವರಂತೂ ಈ ಮನೆಯಲ್ಲಿ ಯಾರೂ ಇಲ್ಲ.

"ನೀನೂ ಉಣ್ಣೇ, ಹೊತ್ತಾಯ್ತು," ಎಂದರು ಅತ್ತೆ.

"ಹ್ಞೂಂ ಅತ್ತೆ," ಎಂದು ತಟ್ಟೆಗೆ ಬಡಿಸಿಕೊಂಡಳು. ಶುಕ್ರವಾರ ಸೀರೆಯನ್ನು ಪಾದ ಮುಚ್ಚುವಂತೆ ಇಳಿಸಿ ಉಡಬೇಕು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಳು.