ಹ್ಯಾಲಿಬಟ್ಟಿನ ತಲೆ

ಮೊದಲನೆಯ ಮೀನಿನ ತಲೆ ನೀರಿಗೆ ಬಿದ್ದಾಗ, ಕೈ ಜಾರಿರಬೇಕು ಎಂದುಕೊಂಡರು ನಂಜಮ್ಮ. ಎರಡನೆಯದೂ ಹೋದಾಗ ಬೆಂಚಿನಿಂದ ಎದ್ದೇಬಿಟ್ಟರು.

"ಸಿಂಧೂ, ಆವಯ್ಯ ತಲೆ ಎಸೀತಾವ್ನೆ ಕಣೇ."

ಆವಯ್ಯ ಎಂದರೆ ಬೋಟಿನ ಕ್ಯಾಪ್ಟನ್. ಬೆಳಿಗ್ಗೆ ಆರಕ್ಕೇ ಆರು ಜನರನ್ನು ಹತ್ತಿಸಿಕೊಂಡು ಗೋಲ್ಡನ್ ಗೇಟ್ ಸೇತುವೆಯ ಆಚೆ ಕಡಲಿಗೆ ಕರೆದೊಯ್ದಿದ್ದ. ಗಾಳ ಎಲ್ಲಿ ಬಿಡಬೇಕು, ಮೀನು ಕಚ್ಚಿದಾಗ ಆತುರಪಡದೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂದೆಲ್ಲ ಕಲಿಸಿ, ನಾಲ್ಕು ಹ್ಯಾಲಿಬಟ್ ಹಿಡಿಸಿದ್ದ. ಮೊರದ ಹಾಗೆ ಚಪ್ಪಟೆ ಮೀನು, ಎರಡೂ ಕಣ್ಣು ಒಂದೇ ಮಗ್ಗುಲಿಗೆ. ಯಾರ ಗಾಳಕ್ಕೆ ಬಿದ್ದರೂ ಎಲ್ಲರಿಗೂ ಸಮಪಾಲು ಎಂಬುದು ಅವನ ಬೋಟಿನ ಪದ್ಧತಿ. ಈಗ ವಾಪಸು ಬರುವ ದಾರಿಯಲ್ಲಿ ಮುಳ್ಳಿಲ್ಲದ ತುಂಡುಗಳನ್ನು ಕೊಯ್ದು ಆರು ಪಾಲು ಹಾಕುತ್ತಿದ್ದ. ತಲೆ ಮತ್ತು ಮುಳ್ಳು ಕಡಲ ಹಕ್ಕಿಗಳಿಗೆ ಹೋಗುತ್ತಿದ್ದವು.

ನಂಜಮ್ಮನ ಗಾಳಕ್ಕೆ ಬಿದ್ದದ್ದು ಪಾಚಿ ಮಾತ್ರ. ಅವರಿಗೆ ಅದರ ಬೇಸರವಿರಲಿಲ್ಲ. ಮಗಳ ಆಫೀಸಿನವರ ಈ ಟ್ರಿಪ್ಪಿಗೆ ಹಟ ಹಿಡಿದು ಬಂದದ್ದೇ ಒಂದು ತಲೆಗಾಗಿ. ನಾಳೆ ಮಹಾಲಯ ಅಮಾವಾಸ್ಯೆ. ಗಂಡ ಮುನಿರಾಜು ತೀರಿಕೊಂಡ ಮೇಲೆ ಅವರಿಗೆ ಇಡುತ್ತಿರುವ ಮೊದಲ ಎಡೆ. ಆ ಮನುಷ್ಯ ಮೀನಿನ ಸಾರಿನಲ್ಲಿ ತಲೆ ಬಿಟ್ಟು ಬೇರೇನನ್ನೂ ತಿಂದವರಲ್ಲ, ಮಿಕ್ಕದ್ದೆಲ್ಲ ಹೆಂಡತಿ ಮಗಳಿಗೆ. ಮಗಳ ಮನೆಯಿರುವ ಮಿಲ್ಪಿಟಾಸಿನ ಅಂಗಡಿಗಳಲ್ಲಿ ಮೀನಿನ ತಲೆ ರಾಶಿ ಬಿದ್ದಿರುತ್ತದೆ, ನಿಜ. ಆದರೆ ಐಸಿನ ಮೇಲೆ ಮಲಗಿ ಕಣ್ಣು ಬೆಳ್ಳಗಾದ ಮೀನು ತಂದರೆ ಮುನಿರಾಜು ಬದುಕಿದ್ದಾಗಲೇ ತಟ್ಟೆ ಸರಿಸುತ್ತಿದ್ದರು, ಈಗ ಸುಮ್ಮನಿರುತ್ತಾರೆಯೇ?

"ನಲವತ್ತು ವರ್ಷ ನನ್ ತಲೆ ತಿಂದೋರು, ವರ್ಷಕ್ಕೊಂದಿನ ಮೀನಿನ್ ತಲೆ ತಿನ್ನೋದು ಬ್ಯಾಡ್ವಾ?" ಎಂದು ಮಗಳನ್ನು ಒಪ್ಪಿಸಿದ್ದರು.

ಮನೆಯಲ್ಲಿ ಒಪ್ಪಿದ್ದ ಸಿಂಧುವಿಗೆ ಇಲ್ಲಿ ಬಾಯೇ ಬರಲಿಲ್ಲ. ಪಕ್ಕದಲ್ಲೇ ಅವಳ ಮ್ಯಾನೇಜರು ಕೂತಿದ್ದಳು. ಜನ ಬಿಸಾಡುವುದನ್ನು ಎಲ್ಲರೆದುರು ಬೇಡುವುದು ಹೇಗೆ? ಹೋಗುತ್ತಾ ಅಂಗಡಿಯಲ್ಲಿ ನೋಡೋಣಮ್ಮ ಎಂದು ಪಿಸುಗುಟ್ಟಿದಳು. ನಂಜಮ್ಮ ಅವಳ ಮಾತಿಗೆ ಕಾಯಲಿಲ್ಲ. ಸೀರೆಯ ಮೇಲೆ ತೊಟ್ಟಿದ್ದ ಮಗಳ ಜಾಕೆಟ್ಟಿನ ಜೇಬಿನಿಂದ ಬಟ್ಟೆಯ ಚೀಲ ತೆಗೆದು, ಓಲಾಡುವ ಬೋಟಿನಲ್ಲಿ ಕಂಬಿ ಹಿಡಿದು ನಡೆದು, ಕ್ಯಾಪ್ಟನ್ನನ ಮುಂದೆ ಚೀಲದ ಬಾಯಿ ಅಗಲಿಸಿ ನಿಂತರು.

ಅವನ ಕೈಯಲ್ಲಿ ಮೂರನೆಯ ತಲೆಯಿತ್ತು, ಎಲ್ಲದರಲ್ಲೂ ಸಣ್ಣದು. ಯಾಕೆಂದು ಕೇಳಿದ. ಹಿಂದೆಯೇ ಓಡಿಬಂದ ಸಿಂಧು, ಮನೆಯಲ್ಲೊಂದು ಕ್ಯಾಟ್ ಇದೆ, ಅದಕ್ಕೆ ಎಂದು ಇಂಗ್ಲಿಷಿನಲ್ಲಿ ಅಂದುಬಿಟ್ಟಳು. ಅವನು ನಕ್ಕು, ತಲೆಯನ್ನು ಚೀಲದ ಕಡೆ ಚಾಚಿದ.

ನಂಜಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ಅಪಾರ್ಟ್‌ಮೆಂಟಿನ ಎದುರುಮನೆಯವರ ಕ್ಯಾಟು ಅವರಿಗೆ ದಿನಾ ಮೆಟ್ಟಿಲ ಮೇಲೆ ಸಿಗುತ್ತಿತ್ತು.

"ನಿಮ್ಮಪ್ಪನ್ನ ಬೆಕ್ಕು ಮಾಡ್ಬುಟ್ಟಲ್ಲೇ" ಎಂದರು. ದನಿ ಏರಿಸಲಿಲ್ಲ, ಚೀಲವನ್ನು ಮಾತ್ರ ಮಡಚಿಬಿಟ್ಟರು. "ಬೆಕ್ಕಿನ್ ಪಾಲು ನಂಗ್ ಬ್ಯಾಡ. ಯಾರಿಗೆ ಅಂತ ಸರ್ಯಾಗ್ ಹೇಳಿ ಈಸ್ಕೊ."

ಸಿಂಧುವಿಗೆ ಕೆನ್ನೆಗೆ ಹೊಡೆದಂತಾಯಿತು. ಮೀನು ಮಾಡಿದ ದಿನ ಒಂದೊಂದೇ ಮುಳ್ಳು ಬಿಡಿಸಿ ತುಂಡನ್ನು ತನ್ನ ತಟ್ಟೆಗೆ ಹಾಕುತ್ತಿದ್ದ ಅಪ್ಪನ ಬೆರಳುಗಳು ನೆನಪಾಗಿ, ತನ್ನ ಮೇಲೆ ತನಗೇ ಸಿಟ್ಟು ಬಂತು. ಮ್ಯಾನೇಜರಿಗೂ ಕೇಳುವ ಹಾಗೆ ಗಟ್ಟಿಯಾಗಿಯೇ ಹೇಳಿದಳು: ಬೆಕ್ಕಿಗಲ್ಲ, ನಮ್ಮಪ್ಪನಿಗೆ. ಅಪ್ಪನಿಗೆ ಮೀನಿನಲ್ಲಿ ತಲೆಯೇ ಇಷ್ಟ.

ಕ್ಯಾಪ್ಟನ್ ಕೈಯಲ್ಲಿದ್ದುದನ್ನು ಹಕ್ಕಿಗಳಿಗೆ ಎಸೆದ. ಉಳಿದಿದ್ದ ಒಂದೇ ಒಂದು ಮೀನನ್ನು, ಎಲ್ಲಕ್ಕಿಂತ ದೊಡ್ಡದನ್ನು, ಹಲಗೆಯ ಮೇಲೆ ಎಳೆದುಕೊಂಡ. ಕತ್ತಿನ ಹತ್ತಿರ ಧಾರಾಳವಾಗಿ ಮಾಂಸ ಬಿಟ್ಟು ತಲೆ ಕೊಯ್ದು, ತೊಳೆದು, ಎರಡೂ ಕೈಯಿಂದ ನಂಜಮ್ಮನ ಚೀಲಕ್ಕೆ ಇಳಿಸಿದ. ಪಾಲು ಕಡಿಮೆಯಾಯಿತೆಂದು ಯಾರೂ ಗೊಣಗಲಿಲ್ಲ. ನಿಮ್ಮಪ್ಪ ರುಚಿ ಬಲ್ಲವರು ಎಂದು ಮೆಚ್ಚಿಕೊಂಡ ಕ್ಯಾಪ್ಟನ್, ಮತ್ತೆ ಚಾಕು ಹಿಡಿಯುವ ಮುನ್ನ ಇನ್ನೊಂದು ಮಾತನ್ನೂ ಸೇರಿಸಿದ. ಸಿಂಧು ನೀರಿನ ಕಡೆ ತಿರುಗಿಕೊಂಡಳು.

ಏನಂದ ಎಂದು ನಂಜಮ್ಮ ಕೇಳಿದರು. ಇನ್ನೊಂದು ಸುಳ್ಳು ಹೇಳುವ ಧೈರ್ಯ ಮಗಳಿಗಿರಲಿಲ್ಲ.

"ಮುಂದಿನ್ ಸಲ ಅಪ್ಪನ್ನೂ ಕರ್ಕೊಂಡ್ ಬನ್ನಿ ಅಂತಾನಮ್ಮ."

ನಂಜಮ್ಮ ಬೆಂಚಿಗೆ ಹೋಗಿ ಕೂತು, ಚೀಲವನ್ನು ಪಕ್ಕದ ಜಾಗದಲ್ಲಿ ನೆಟ್ಟಗೆ ಇಟ್ಟರು.

"ಬಂದವ್ರೆ ಅನ್ನು."