ಐವತ್ತೈದು ನಿಮಿಷದವಳು

ಡ್ರಾಯಿಂಗ್ ಮೇಷ್ಟ್ರ ಹೆಂಡತಿ ಗಂಡನ ಬೆನ್ನನ್ನೇ ನೋಡುತ್ತ ವಿಮಾನ ಹತ್ತಿದಳು. ಎಲ್ಲರಿಗಿಂತ ಕೊನೆಗೆ, ತಲೆಯಿಂದ ಕೊರಳವರೆಗೆ ಶಾಲು ಸುತ್ತಿಕೊಂಡು. ಅವನು ಹತ್ತನೇ ಸಾಲಿನ ಕಿಟಕಿಯ ಬಳಿ ಕೂತ. ಅವಳು ಅವನ ಬೆನ್ನಿಗೇ, ಹನ್ನೊಂದರಲ್ಲಿ. ಕೌಂಟರಿನಲ್ಲಿ “ಎಲ್ಲಿ ಬೇಕಮ್ಮ ಸೀಟು?” ಎಂದಾಗ ಸೀಟುಗಳ ಪಟದಲ್ಲಿ ಅದರ ಮೇಲೇ ಬೆರಳಿಟ್ಟಿದ್ದಳು.

ಸಿಕ್ಕಿಬಿದ್ದದ್ದು ಅಂಗಿ ಒಗೆಯುವಾಗ. ತಿಂಗಳ ಮೊದಲ ಶನಿವಾರ ಸ್ಪೆಷಲ್ ಕ್ಲಾಸು ಎನ್ನುತ್ತಿದ್ದವನ ಜೇಬಿನಲ್ಲಿ ಬೋರ್ಡಿಂಗ್ ಪಾಸು. ಕಪಾಟು ತಡಕಾಡಿದರೆ ಇನ್ನೂ ಒಂದು ಕಟ್ಟು, ಎಲ್ಲದರಲ್ಲೂ ಹತ್ತನೇ ಸಾಲಿನ ಅದೇ ಸೀಟು. ಮಂಡಿನೋವೆಂದು ಸ್ಕೂಟರ್ ಮಾರಿದ್ದೇಕೆ ಎಂದು ಆಗ ತಿಳಿಯಿತು. ಹೋಗುವುದು, ಅರ್ಧ ಗಂಟೆಯೊಳಗೆ ಅದೇ ವಿಮಾನದಲ್ಲಿ ಮರಳುವುದು. ಈ ವಿಮಾನ ಕಂಪನಿಯ ಕೆಲಸ ಬಿಟ್ಟು ಆರು ವರ್ಷವಾದರೂ ಅದರ ವೇಳಾಪಟ್ಟಿ ಅವಳಿಗೆ ಬಾಯಿಪಾಠ: ಎರಡು ಊರಿನ ನಡುವೆ ಮುನ್ನೂರ ಎಂಬತ್ತು ಕಿಲೋಮೀಟರು, ಐವತ್ತೈದು ನಿಮಿಷ. ಆ ಊರಿನಲ್ಲಿ ಯಾರನ್ನೂ ಕಾಣುವಷ್ಟು ಹೊತ್ತು ಅವನಿಗಿರಲಿಲ್ಲ. ಅಂದ ಮೇಲೆ ಆ ಹೆಂಗಸು ಯಾರೇ ಆಗಲಿ, ಇರುವುದು ವಿಮಾನದೊಳಗೇ.

“ಭಾವ ದೇವರಂಥವರು ಅಂತ ಮೆರೆಸಿದ್ದೇ ಮೆರೆಸಿದ್ದು,” ಎಂದಿದ್ದಳು ಆ ಊರಿನಿಂದ ಬಂದಿದ್ದ ತಂಗಿ, ಅಕ್ಕನ ಸೀರೆಗಳನ್ನು ಪೆಟ್ಟಿಗೆಗೆ ತುಂಬುತ್ತ. “ದೇವರಿಗೆ ರೆಕ್ಕೆ ಬಂತು ನೋಡು! ನಮ್ಮನೆಗೆ ಬಂದುಬಿಡು ಅಕ್ಕಾ. ಅವರನ್ನ ಕೇಳೋದು ಏನಿದೆಯೋ ನಿನ್ನ ಪರವಾಗಿ ನಾನೇ ಕೇಳ್ತೀನಿ.”

ಅಕ್ಕ ಒಪ್ಪಿ ತಲೆಯಾಡಿಸಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರ. ಇವತ್ತು ಅವಳ ಕೈಯಲ್ಲಿದ್ದುದು ಹೋಗುವ ಟಿಕೆಟ್ ಮಾತ್ರ.

ಗಗನಸಖಿ ಹತ್ತನೇ ಸಾಲಿನ ಬಳಿ ನಿಂತಳು. ಮುಖದಲ್ಲಿ ಹಳೆಯ ಪರಿಚಯದ ನಗು.

“ಬಂದ್ರಾ ಸರ್? ಒಂದು ಶನಿವಾರಾನೂ ತಪ್ಪಿಸಲ್ಲಪ್ಪ ನೀವು!”

“ಇದ್ದಾಳೇನಮ್ಮ?” ಗಂಡ ದನಿ ತಗ್ಗಿಸಿದ.

“ಇದ್ದಾಳೆ. ಆದ್ರೆ ಇವತ್ತೇ ಕೊನೆ ಸರ್. ಮುಂದಿನ ತಿಂಗಳಿಂದ ಬೇರೆಯವಳು.”

ಅವನು ಸೀಟಿನ ಕೈ ಹಿಡಿದುಕೊಂಡ. “ಯಾರನ್ನಾದ್ರೂ ಕೇಳಿಕೊಂಡ್ರೆ?”

“ನಾನೇ ಕೇಳಿದೆ. ಹಳೇದಾಯ್ತು ಅಂದುಬಿಟ್ರು.” ಅವಳು ಬಗ್ಗಿದಳು. “ಮನೇಲಿ ಹೇಳಿದ್ದೀರಾ?”

“ಅಯ್ಯೋ, ಬೇಡಮ್ಮ. ಅವಳಿಗೆ ಗೊತ್ತಾದ್ರೆ ಎದೆ ಒಡೆದುಹೋಗುತ್ತೆ.”

ಹಿಂದಿನ ಸೀಟಿನಲ್ಲಿ ಹೆಂಡತಿಯ ಉಗುರು ಅಂಗೈಗೆ ನಾಟಿತು. ಆ ಊರಿನಲ್ಲಿ ಇಳಿದರೆ ಮುಗಿಯಿತು. ಇನ್ನು ಇವನ ಮುಖ ನೋಡುವುದಿಲ್ಲ.

ಬಾಗಿಲು ಮುಚ್ಚಿತು. ದೀಪ ಮಂದವಾಯಿತು. ಛಾವಣಿಯ ಸ್ಪೀಕರು ಗೊರಗುಟ್ಟಿ, ಬಾವಿಯಾಳದಿಂದ ಯಾರೋ ಕರೆದಂತೆ, ಹೆಣ್ಣುದನಿಯೊಂದು ಎದ್ದಿತು.

“ನಮಸ್ಕಾರ. ಮುನ್ನೂರ ಎಂಬತ್ತು ಕಿಲೋಮೀಟರ್ ದೂರವನ್ನು ನಾವೀಗ ಐವತ್ತೈದು ನಿಮಿಷಗಳಲ್ಲಿ ಕ್ರಮಿಸಲಿದ್ದೇವೆ…”

ಗಂಡ ಕಣ್ಣು ಮುಚ್ಚಿದ. ಪಾರಾಯಣ ಕೇಳುವವನಂತೆ ಮೆಲ್ಲಗೆ ತಲೆ ತೂಗಿದ. ಕಿಟಕಿಯ ಗಾಜಿನಲ್ಲಿ ಅವನ ಕೆನ್ನೆ ಒದ್ದೆಯಾಗಿ ಕಂಡಿತು.

ಹಿಂದೆ ಕೂತವಳ ತುಟಿ, ಒಂದೊಂದು ಪದಕ್ಕೂ ಅರೆಕ್ಷಣ ಮುಂಚೆಯೇ, ತಾನಾಗಿ ಅಲುಗತೊಡಗಿತು. ಸದ್ದು ಹೊರಡಲಿಲ್ಲ.

ಆ ದನಿ ಅವಳದೇ, ಕೆಲಸದಲ್ಲಿದ್ದಾಗ ಓದಿ ಮುದ್ರಿಸಿಕೊಟ್ಟಿದ್ದು. ಗಂಟಲಿನ ಗಡ್ಡೆಯ ಜೊತೆಗೆ ಡಾಕ್ಟರು ಅದನ್ನೂ ಕತ್ತರಿಸಿ ತೆಗೆದು ಈ ತಿಂಗಳಿಗೆ ಆರು ವರ್ಷ.