ಆಮೆನ್ ಆಗುವ ತನಕ

ಪಾದ್ರಿ ಆರ್ವಿಡ್ ವಿಮಾನದ ಕ್ಷೇಮದ ಪ್ರಾರ್ಥನೆ ಮುಗಿಸಿ, ಪೈಲಟ್‌ನ ಹೆಂಡತಿ ಮಕ್ಕಳಿಗಾಗಿ ಪ್ರಾರ್ಥಿಸತೊಡಗಿದಾಗ ಮಾರ್ಲಿಸ್ ಒಂದು ಕಣ್ಣು ತೆರೆದಳು. ಅಮೆರಿಕದ ಡೆ ಮೊಯಿನ್ ವಿಮಾನ ನಿಲ್ದಾಣದ ಗಡಿಯಾರದಲ್ಲಿ ಒಂದು ಗಂಟೆ ಎಂಟು ನಿಮಿಷ. ಒಂದೂ ಹತ್ತಕ್ಕೆ ಸಾಮಾನು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾರೆ. ಆದರೆ ಪ್ರಾರ್ಥನೆಗೆ ಮೊದಲು ಪೆಟ್ಟಿಗೆ ಒಪ್ಪಿಸುವ ಪದ್ಧತಿ ಅವರ ಚರ್ಚಿನಲ್ಲಿರಲಿಲ್ಲ. ಸಾಮಾನು ಕೌಂಟರಿನ ಎದುರಿಗೆ ಎಂಟು ಜನ ಕೈ ಕೈ ಹಿಡಿದು ನಿಂತ ವೃತ್ತದ ನಡುವೆ, ಊರೆಲ್ಲ ತಿರುಗಿ ಕೂಡಿಸಿದ ಹಳೆಯ ಕನ್ನಡಕಗಳ ಪೆಟ್ಟಿಗೆಗಳಿದ್ದವು. ನಾಳೆ ಬೆಳಗ್ಗೆ ಹೊಂಡುರಾಸ್‌ನ ಒಂದು ಹಳ್ಳಿಯಲ್ಲಿ ಅವಕ್ಕಾಗಿ ಜನ ಕಾದಿರುತ್ತಾರೆ. ಇದು ತಪ್ಪಿದರೆ ಮುಂದಿನ ವಿಮಾನ ಗುರುವಾರ.

"ಆಮೆನ್!" ಎಂದಳು ಮಾರ್ಲಿಸ್, ಪ್ರಾರ್ಥನೆ ಅಲ್ಲಿಗೆ ಮುಗಿಯಲೆಂದು ಗಟ್ಟಿಯಾಗಿ.

"ಆಮೆನ್, ಹೌದು ತಾಯಿ!" ಎಂದ ಪಾದ್ರಿಗಳು ಇಮ್ಮಡಿ ಹುರುಪಿನಿಂದ ಹವಾಮಾನಕ್ಕೆ ಬಂದರು.

"ಪುಣ್ಯಾತ್ಗಿತ್ತಿ, ಇನ್ನೂ ಹತ್ ನಿಮಿಷ ಜಾಸ್ತಿ ಮಾಡಿದ್ಯಲ್ಲೇ," ಎಂದು ಪಕ್ಕದ ಕರ್ಟಿಸ್ ಪಿಸುಗುಟ್ಟಿದ.

ಗಡಿಯಾರ ಒಂದೂ ಹತ್ತು ದಾಟಿತು. ಕೌಂಟರಿನಲ್ಲಿದ್ದ ಡೆನೀಸ್ ಎಂಬಾಕೆ 'ಮುಚ್ಚಿದೆ' ಎಂಬ ಫಲಕವನ್ನು ಕೈಗೆತ್ತಿಕೊಂಡಳು. ಓಡಿಹೋಗಿ ತಡೆಯೋಣವೆಂದರೆ ಮಾರ್ಲಿಸಳ ಎರಡೂ ಕೈಗಳನ್ನು ಭಕ್ತರು ಬಿಗಿಯಾಗಿ ಹಿಡಿದಿದ್ದರು. ಡೆನೀಸ್ ಬಗ್ಗಿದ ತಲೆಗಳ ಕಡೆ ಒಮ್ಮೆ ನೋಡಿದಳು. ಫಲಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಾನೂ ತಲೆ ಬಗ್ಗಿಸಿದಳು.

"ಏ ಡೆನೀಸ್, ಟೈಮಾಯ್ತು, ಮುಚ್ಚಲ್ವಾ?" ಎಂದು ಆಚೆ ಕೌಂಟರಿನವನು ಕೂಗಿದ.

"ಶ್!" ಎಂದಳು ಅವಳು, ತಲೆ ಎತ್ತದೆ. "ಸಾಲಲ್ಲಿ ಇನ್ನೂ ಜನ ಇದಾರೆ ಕಣೋ."